ತೋಟದ ನಾಯಿಗೆ ಮರುಕಳಿಸುವ ಭೇದಿ

ಕಾವಲು ನಾಯಿಗೆ ತಿಂಗಳಿಗೊಮ್ಮೆ ಭೇದಿಯಾದರೆ ‘ಎಲ್ಲೋ ಏನೋ ತಿಂದು ಬಂದಿದೆ’ ಎಂದು ಸುಮ್ಮನಾಗುವುದು ನಮ್ಮಲ್ಲಿ ರೂಢಿ. ಹಳಸಿದ ಅನ್ನದಿಂದ ಹೊಟ್ಟೆ ಕೆಡುವುದುಂಟು, ನಿಜ. ಆದರೆ ಮತ್ತೆ ಮತ್ತೆ ಮರುಕಳಿಸಿದರೆ ಸದಸ್ಯ ಬಂಧುಗಳು ಕೊಕ್ಕೆಹುಳುವನ್ನು ಶಂಕಿಸಬೇಕು.

ಅಡಿಕೆ, ಕಾಫಿ ತೋಟಗಳ ನೆರಳು ಮತ್ತು ತೇವದ ಮಣ್ಣು ಈ ಹುಳುವಿಗೆ ಹೇಳಿ ಮಾಡಿಸಿದ ಜಾಗ. ನಾಯಿಯ ಮಲದಲ್ಲಿ ಬಿದ್ದ ಮೊಟ್ಟೆ ಒಡೆದು ಸುಮಾರು ಒಂದು ವಾರದಲ್ಲಿ ಮರಿಹುಳುಗಳು ಸೋಂಕಿಗೆ ಸಿದ್ಧವಾಗುತ್ತವೆ. ಅವು ಬಾಯಿಯಿಂದಲೋ ಪಾದದ ಚರ್ಮದಿಂದಲೋ ಒಳಹೊಕ್ಕು, ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತವೆ. ನಾಯಿಮರಿಗಳಿಗೆ ತಾಯಿಯ ಹಾಲಿನಿಂದಲೇ ಅಂಟುತ್ತದೆ. ಅವು ರಕ್ತ ಸಾಲದೆ ಸಾಯುವುದೂ ಉಂಟು. ಮಲ ಡಾಂಬರಿನಂತೆ ಕಪ್ಪಾಗಿ, ಒಸಡು ಬಿಳಿಚಿದ್ದರೆ ಅಂದೇ ಪಶುವೈದ್ಯರಿಗೆ ತೋರಿಸಿರಿ.

ಹೊಸ ಮಲವನ್ನು ಡಬ್ಬಿಯಲ್ಲಿ ಒಯ್ದರೆ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತಾರೆ. ಔಷಧವನ್ನು ನಾಯಿಯ ತೂಕ ನೋಡಿಯೇ ಕೊಡಬೇಕು; ದನದ ಔಷಧವನ್ನು ಅಂದಾಜಿನಲ್ಲಿ ಕುಡಿಸುವುದು ಬೇಡ. ಮೈಯೊಳಗೆ ಅಡಗಿದ ಮರಿಹುಳುಗಳು ಆಮೇಲೆ ಕರುಳಿಗೆ ಇಳಿಯುವುದರಿಂದ ಎರಡು ಮೂರು ವಾರ ಬಿಟ್ಟು ಮತ್ತೊಮ್ಮೆ ಕೊಡಬೇಕಾಗುತ್ತದೆ.

ನಾಯಿಯನ್ನು ಬಿಸಿಲು ಬೀಳುವಲ್ಲಿ ಕಟ್ಟಿರಿ. ಆಷಾಢದಲ್ಲಿ ಬಿಸಿಲೆಲ್ಲಿ ಎನ್ನುವಿರಾ? ಆಗ ತೊಳೆದು ಒಣಗಿಸಿದ ಸಿಮೆಂಟು ನೆಲವೇ ಗತಿ. ಮಲವನ್ನು ದಿನವೂ ಎತ್ತಿ ದೂರದಲ್ಲಿ ಆಳವಾಗಿ ಹೂಳಿರಿ. ಬರಿಗಾಲಲ್ಲಿ ಓಡಾಡುವ ಮಕ್ಕಳ, ಕೆಲಸಗಾರರ ಚರ್ಮದೊಳಗೂ ಈ ಮರಿಹುಳು ಹೊಕ್ಕು ತುರಿಕೆ ಎಬ್ಬಿಸುತ್ತದೆ.