ಗಿರಣಿ ಹೋಯಿತು, ಹೆಸರು ಉಳಿಯಿತು

ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನಕ್ಕೆ ಜರ್ಮನ್ ಕಲಿಯಲು ಹೋಗುವವರಲ್ಲಿ ಆ ಹೆಸರಿನ ಅರ್ಥವೇನೆಂದು ಕೇಳಿದವರು ಎಷ್ಟು ಮಂದಿಯೋ! ಋಗ್ವೇದವನ್ನು ಸಂಪಾದಿಸಿ ಅಚ್ಚು ಹಾಕಿಸಿದ ಆ ಪಂಡಿತರು ಗ್ರಂಥದ ಸಂಸ್ಕೃತ ಮುಖಪುಟದಲ್ಲಿ 'ಮೋಕ್ಷಮೂಲರ'ರಾದರು. ಜರ್ಮನಿ 'ಶರ್ಮಣ್ಯ ದೇಶ'ವಾಯಿತು, ಆಕ್ಸ್‌ಫರ್ಡ್ 'ಗೋತೀರ್ಥ'ವಾಯಿತು. ಕೇಳಲು ಸೊಗಸು. ಆದರೆ ಮೋಕ್ಷಕ್ಕೂ ಮುಲ್ಲರನಿಗೂ ನಂಟಿಲ್ಲ. ಮುಲ್ಲರ್ ಎಂದರೆ ಹಿಟ್ಟು ಬೀಸುವವನು, ಗಿರಣಿಯವನು, ಅಷ್ಟೇ.

ಜರ್ಮನಿಯಲ್ಲಿ ಇಂದು ಅತಿ ಹೆಚ್ಚು ಮಂದಿಗಿರುವ ಮನೆತನದ ಹೆಸರು ಇದೇ. ಸುಮಾರು 7 ಲಕ್ಷ ಜನ ಎಂದು ಅಂದಾಜು. ಸ್ವಿಟ್ಜರ್ಲೆಂಡಿನಲ್ಲೂ ಮೊದಲ ಸ್ಥಾನ ಇದಕ್ಕೇ. ಎರಡನೆಯದು ಶ್ಮಿಟ್, ಅಂದರೆ ಕಮ್ಮಾರ. ಪಾಪ, ಕಮ್ಮಾರನದು ಕಾಗುಣಿತದಿಂದಾದ ಸೋಲು. ಬವೇರಿಯದ ಕಡೆ ಶ್ಮಿಡ್, ಕಲೋನಿನ ಸುತ್ತ ಶ್ಮಿಟ್ಸ್ ಎಂದು ಒಂದೇ ಹೆಸರು ಹಲವು ರೂಪಗಳಲ್ಲಿ ಹಂಚಿಹೋಗಿದೆ. ಎಲ್ಲವನ್ನೂ ಒಟ್ಟುಗೂಡಿಸಿದರೆ ಅವನದೇ ಮೇಲುಗೈ. ಮುಲ್ಲರನಿಗೂ ಉತ್ತರದಲ್ಲಿ ಮೊಲ್ಲರ್ ಎಂಬ ದಾಯಾದಿ ಇದ್ದಾನೆ. ಲ್ಯಾಟಿನ್ ಓದಿದ ಕೆಲವರಂತೂ ಮೋಲಿಟರ್ ಎಂದು ಬದಲಿಸಿಕೊಂಡರು.

ಹೊಲ ಉಳುವವರೇ ತುಂಬಿದ್ದ ನಾಡಿನಲ್ಲಿ ರೈತನ ಹೆಸರು ಏಕೆ ಮೊದಲಿಲ್ಲ? ಉತ್ತರ ಸರಳ. ಊರಿಗೆ ಊರೇ ರೈತರಾಗಿರುವಾಗ 'ರೈತ ಹಾನ್ಸ್' ಎಂದರೆ ಯಾವ ಹಾನ್ಸ್ ಎಂದು ತಿಳಿಯುವುದು ಹೇಗೆ? 'ಗಿರಣಿಯ ಹಾನ್ಸ್' ಎಂದರೆ ಸಾಕು, ಊರಿಗೊಬ್ಬನೇ. ಹನ್ನೆರಡನೆಯ ಶತಮಾನದಿಂದೀಚೆಗೆ ಪಟ್ಟಣಗಳಲ್ಲಿ ಆರಂಭವಾಗಿ ಹಳ್ಳಿಗಳಿಗೆ ಹಬ್ಬಿದ ಇಂಥ ಗುರುತುಗಳೇ ನಿಧಾನವಾಗಿ ತಂದೆಯಿಂದ ಮಗನಿಗೆ ಇಳಿಯತೊಡಗಿದವು.

ಆದರೆ ಆ ಗುರುತು ಮರ್ಯಾದೆಯದ್ದೇನೂ ಆಗಿರಲಿಲ್ಲ. ಅನೇಕ ಕಡೆ ರೈತರು ಒಡೆಯನು ಗೊತ್ತುಮಾಡಿದ ಗಿರಣಿಗೇ ಧಾನ್ಯ ಒಯ್ಯಬೇಕಿತ್ತು. ಬೀಸುವವನ ಕೂಲಿ ಹಣವಲ್ಲ, ಹಾಕಿದ ಧಾನ್ಯದಲ್ಲೇ ಒಂದು ಪಾಲು. ಅಳತೆಯೂ ಅವನ ಕೈಯಲ್ಲೇ. ಚೀಲ ಹಗುರವಾಗಿ ಮನೆಗೆ ಬಂದರೆ ಅನುಮಾನ ಯಾರ ಮೇಲೆ ಹೋದೀತು ಹೇಳಿ! ಹಲವೆಡೆ ಗಿರಣಿಯವನ ಕಸುಬು ಮಾನಗೆಟ್ಟ ಕಸುಬುಗಳ ಸಾಲಿಗೆ ಸೇರಿತು. ಅವನ ಮಕ್ಕಳನ್ನು ಬಡಗಿ, ಚಮ್ಮಾರರಂಥ ಕುಶಲಕರ್ಮಿಗಳ ಸಂಘಗಳು ಸೇರಿಸಿಕೊಳ್ಳುತ್ತಿರಲಿಲ್ಲ. ಹೀಗೆ ಹೊರಗಿಡಬಾರದೆಂದು 1548ರಲ್ಲಿ ಸಾಮ್ರಾಜ್ಯದ ಶಾಸನವೇ ಹೊರಡಬೇಕಾಯಿತು. 1577ರಲ್ಲಿ ಅದನ್ನೇ ಮತ್ತೆ ಹೇಳಬೇಕಾಯಿತೆಂದರೆ ಮೊದಲ ಶಾಸನಕ್ಕೆ ಸಿಕ್ಕ ಬೆಲೆ ಎಷ್ಟೆಂದು ಊಹಿಸಬಹುದು.

ಅಂಥ ಹೆಸರು ಹಬ್ಬಿ ಹಬ್ಬಿ, ಕೊನೆಗೆ ಗುರುತಿಸಲು ಹುಟ್ಟಿದ ಹೆಸರೇ ಗುರುತು ಕೊಡಲಾರದೆ ಹೋಯಿತು. ಹದಿನೈದನೆಯ ಶತಮಾನದ ಖಗೋಳಜ್ಞ ಯೊಹಾನಸ್ ಮುಲ್ಲರನನ್ನು ಲೋಕ ಬಲ್ಲದ್ದು ಅವನ ಹುಟ್ಟೂರಿನಿಂದ ಬಂದ ರೆಜಿಯೊಮೊಂಟೇನಸ್ ಎಂಬ ಹೆಸರಿನಿಂದ. ಅಮೆರಿಕಕ್ಕೆ ವಲಸೆ ಹೋದ ಎಷ್ಟೋ ಮುಲ್ಲರರು ಅಲ್ಲಿನ ಮಿಲ್ಲರರಲ್ಲಿ ಕರಗಿಹೋದರು. ನಮ್ಮ ಮೋಕ್ಷಮೂಲರರಿಗೂ ಇದೇ ಪೇಚು. ಬರಿಯ ಮುಲ್ಲರ್ ಎಂದರೆ ಗುಂಪಿನಲ್ಲಿ ಗೋವಿಂದ ಆದೀತೆಂದು ಮ್ಯಾಕ್ಸ್ ಎಂಬುದನ್ನೂ ಮನೆತನದ ಹೆಸರಿಗೇ ಸೇರಿಸಿಕೊಂಡರು.

ತಮಾಷೆಯೆಂದರೆ ಅವರ ಮನೆಯಲ್ಲಿ ಹಿಟ್ಟಿನ ಧೂಳೇ ಇರಲಿಲ್ಲ. 1823ರಲ್ಲಿ ಡೆಸ್ಸೌ ಪಟ್ಟಣದಲ್ಲಿ ಅವರು ಹುಟ್ಟಿದಾಗ ತಂದೆ ವಿಲ್ಹೆಲ್ಮ್ ಮುಲ್ಲರ್ ಹೆಸರಾಂತ ಕವಿ. ಗಿರಣಿ ಯಜಮಾನನ ಮಗಳಿಗೆ ಮನಸೋತ ಆಳಿನ ಕಥೆಯನ್ನು ಈ ತಂದೆ ಕವನಗಳಲ್ಲಿ ಹೇಳಿದ್ದರು. ಶೂಬರ್ಟ್ ಅವಕ್ಕೆ ಸಂಗೀತ ಕೊಟ್ಟದ್ದೂ ಅದೇ 1823ರಲ್ಲಿ. ಇನ್ನು ತಾತನ ಕಸುಬು? ದರ್ಜಿ.

ಗಿರಣಿಗಳ ಕಥೆಯೂ ಹಾಗೇ ಮುಗಿಯುತ್ತ ಬಂತು. ಎರಡನೆಯ ಮಹಾಯುದ್ಧದ ನಂತರ ಪಶ್ಚಿಮ ಜರ್ಮನಿಯಲ್ಲಿ ಅವು ಬೇಕಾದ್ದಕ್ಕಿಂತ ಹೆಚ್ಚಾಗಿದ್ದವು. 1957ರ ಕಾನೂನು ಬಾಗಿಲು ಮುಚ್ಚುವವರಿಗೆ ಪರಿಹಾರದ ಏರ್ಪಾಡು ಮಾಡಿತು. ಸಾವಿರಾರು ಹಳ್ಳದಂಚಿನ ಗಿರಣಿಗಳ ಚಕ್ರ ನಿಂತುಹೋಯಿತು. ಈಗ ಹಿಟ್ಟು ಬೀಸುವ ಕೆಲಸ ಕೆಲವೇ ನೂರು ಗಿರಣಿಗಳದ್ದು. ಮುಲ್ಲರರು ಮಾತ್ರ 7 ಲಕ್ಷ.