ನೈಸಿಯ ಮಹಾಸಭೆ: ಒಂದು ಪದದ ಇತಿಹಾಸ

ಆದಿ ಕ್ರೈಸ್ತಸಭೆಯು ಯೇಸುವನ್ನು ಆರಾಧಿಸುತ್ತಿತ್ತು. ದೇವರು ಒಬ್ಬನೇ ಎಂಬ ಯೆಹೂದ್ಯ ನಂಬಿಕೆಯನ್ನೂ ಬಿಟ್ಟಿರಲಿಲ್ಲ. ಇವೆರಡನ್ನೂ ಹೊಂದಿಸುವ ಪ್ರಯತ್ನದಲ್ಲಿಯೇ ತ್ರಿತ್ವ ಸಿದ್ಧಾಂತವು ರೂಪುಗೊಂಡಿತು.

ನಾಲ್ಕನೆಯ ಶತಮಾನದ ಆರಂಭದಲ್ಲಿ ಅಲೆಕ್ಸಾಂಡ್ರಿಯದ ಪಾದ್ರಿ ಏರಿಯಸನು, ಪುತ್ರನು ತಂದೆಯಿಂದ ಸೃಷ್ಟನಾದವನು ಎಂದು ಬೋಧಿಸಿದನು. ಏಕದೇವತ್ವದ ರಕ್ಷಣೆಯೇ ಅವನ ಉದ್ದೇಶವಾಗಿತ್ತು. ಬಿಷಪ್ ಅಲೆಕ್ಸಾಂಡರನು ಇದನ್ನು ವಿರೋಧಿಸಿದನು. ವಿವಾದವು ಹಬ್ಬಲು, ಚಕ್ರವರ್ತಿ ಕಾನ್‌ಸ್ಟಂಟೈನನು ಕ್ರಿ.ಶ. 325ರಲ್ಲಿ ನೈಸಿಯದಲ್ಲಿ ಮಹಾಸಭೆಯನ್ನು ಕರೆದನು. ಪುತ್ರನು ತಂದೆಯೊಡನೆ 'ಹೋಮೂಸಿಯೋಸ್', ಅಂದರೆ ಒಂದೇ ಸಾರತತ್ತ್ವವುಳ್ಳವನು, ಎಂದು ಸಭೆಯು ಘೋಷಿಸಿತು.

ಆದರೆ ಈ ಪದವು ಬೈಬಲಿನಲ್ಲಿ ಇರಲಿಲ್ಲ. ತಂದೆ-ಪುತ್ರರ ಭೇದವನ್ನೇ ಇದು ಅಳಿಸುತ್ತದೆಂದು ಹಲವು ಬಿಷಪರು ಶಂಕಿಸಿದರು. ಕೆಲವರು ಸದೃಶ ಸಾರವುಳ್ಳವನು ಎಂಬರ್ಥದ 'ಹೋಮಿಯೂಸಿಯೋಸ್' ಪದವನ್ನು ಮುಂದಿಟ್ಟರು. ಎರಡಕ್ಕೂ ಇದ್ದ ಅಂತರ ಗ್ರೀಕಿನ 'ಅಯೋಟ' ಎಂಬ ಒಂದೇ ಅಕ್ಷರ. ಅಥನೇಸಿಯಸನಿಗಾದರೋ ಇದು ಅಕ್ಷರದ ಜಗಳವಾಗಿರಲಿಲ್ಲ. ಸೃಷ್ಟನಾದವನು ಮನುಷ್ಯನನ್ನು ದೇವರೊಡನೆ ಒಂದುಗೂಡಿಸಲಾರನು. ರಕ್ಷಕನು ದೇವರೇ ಆಗಿರಬೇಕು ಎಂಬುದು ಅವನ ವಾದ. ಅವನು ಐದು ಬಾರಿ ಗಡೀಪಾರಾದನು.

ತೊಡಕನ್ನು ಬಿಡಿಸಿದವರಲ್ಲಿ ಕಪ್ಪಡೋಸಿಯದ ಬೆಸಿಲ್, ನಜಿಯಾನ್ಸಸ್ಸಿನ ಗ್ರೆಗೊರಿ ಮತ್ತು ನಿಸ್ಸದ ಗ್ರೆಗೊರಿ ಪ್ರಮುಖರು. ಸಾರತತ್ತ್ವ ಒಂದು, ವ್ಯಕ್ತಿಗಳು ಮೂವರು ಎಂಬ ಅವರ ವಿವೇಚನೆಯು ಭೇದವನ್ನೂ ಅಭೇದವನ್ನೂ ಉಳಿಸಿಕೊಂಡಿತು. 381ರ ಕಾನ್‌ಸ್ಟಾಂಟಿನೋಪಲ್ ಸಭೆಯು ನೈಸಿಯದ ನಿರ್ಣಯವನ್ನು ದೃಢಪಡಿಸಿತು.

ಹೀಗೆ ಸಿದ್ಧಾಂತವು ಒಂದು ಸಭೆಯ ತೀರ್ಪಿನಿಂದಲೇ ನೆಲೆಗೊಳ್ಳಲಿಲ್ಲ. ಪದವನ್ನು 325ರಲ್ಲಿಯೇ ಆರಿಸಲಾಯಿತು. ಅದರ ಅರ್ಥವು ತಿಳಿಯಾಗಲು 56 ವರ್ಷಗಳ ಚರ್ಚೆ ಬೇಕಾಯಿತು.