ವಿಚಾರ ಸಂಕಿರಣದಲ್ಲಿ ಕ್ಷೇತ್ರಸಂಶೋಧಕ: ಕುಮಾರರಾಮನ ಕಥನದ ನಿದರ್ಶನ

ಸ್ನಾತಕೋತ್ತರ ಹಂತದ ವಿದ್ಯಾರ್ಥಿಗೆ ವಿಚಾರ ಸಂಕಿರಣದಲ್ಲಿ ಮೊದಲ ಪ್ರಬಂಧವನ್ನು ಮಂಡಿಸುವುದು ದಿಗಿಲಿನ ಸಂಗತಿಯೇ ಸರಿ. ಈ ದಿಗಿಲನ್ನು ಸಾಮಾನ್ಯವಾಗಿ ಮಾತುಗಾರಿಕೆಯ ಕೊರತೆಯೆಂದು ಬಗೆಯಲಾಗುತ್ತದೆ. ಜಾನಪದದ ಮಟ್ಟಿಗೆ ಹೇಳುವುದಾದರೆ, ತನ್ನ ಆಕರವು ಏನನ್ನು ಹೇಳಬಲ್ಲದು, ಏನನ್ನು ಹೇಳಲಾರದು ಎಂಬುದು ಸ್ಪಷ್ಟವಿಲ್ಲದಿರುವುದೇ ಅದರ ಮೂಲ.

ಬುಕ್ಕಸಾಗರ, ಕಂಪ್ಲಿ, ಸಂಡೂರು ಪರಿಸರದ ಕುಮಾರರಾಮನ ಕಥನವನ್ನು ಇಲ್ಲಿ ಗಮನಿಸಬಹುದು. ಕಂಪಿಲಿ ರಾಜ್ಯವು 1327ರಲ್ಲಿ ಮಹಮ್ಮದ್ ಬಿನ್ ತುಘಲಕನ ಸೈನ್ಯದಿಂದ ಪತನಗೊಂಡಿತು. ಸುಲ್ತಾನನ ವಿರುದ್ಧ ದಂಗೆಯೆದ್ದು ಬಂದ ಬಂಧುವಿಗೆ ಕಂಪಿಲಿಯ ಅರಸನು ಆಶ್ರಯವಿತ್ತುದನ್ನು ಇಬ್ನ್ ಬತೂತನ ಪ್ರವಾಸಕಥನ ಕಾರಣವಾಗಿ ನೀಡುತ್ತದೆ. ಜನಪದ ಕಥನದ ಕೇಂದ್ರದಲ್ಲಿರುವುದಾದರೋ ಮಲತಾಯಿ ರತ್ನಾಜಿಯ ಮೋಹ ಮತ್ತು ರಾಮನ ನಿರಾಕರಣೆ. “ಇವುಗಳಲ್ಲಿ ಯಾವುದು ನಿಜ?” ಎಂದು ಸಭೆಯಿಂದ ಪ್ರಶ್ನೆ ಬಂದೇ ಬರುತ್ತದೆ. ಕಥನವನ್ನು ಇತಿಹಾಸವೆಂದು ಸಮರ್ಥಿಸಹೊರಟವನು ಅಲ್ಲಿಯೇ ಸೋಲುತ್ತಾನೆ. ಸೋತ ರಾಜ್ಯವೊಂದನ್ನು ಜನರು ಏಕೆ ಪರನಾರೀ ಸಹೋದರನ ಕಥೆಯಾಗಿ ನೆನೆದರು ಎಂಬುದೇ ತನ್ನ ಪ್ರಶ್ನೆಯೆಂದು ಬಲ್ಲವನು ನಿರಾತಂಕವಾಗಿ ಉತ್ತರಿಸುತ್ತಾನೆ. ಇದು ನುಣುಚಿಕೊಳ್ಳುವ ಉತ್ತರವಲ್ಲ. ಶಿಸ್ತು ತಾನೇ ಹಾಕಿಕೊಂಡ ಎಲ್ಲೆ.

ಎರಡನೆಯ ತೊಡಕು ಕಾಲದ್ದು. ಸಂಡೂರು ತಾಲೂಕಿನ ದರೋಜಿಯ ಬುರ್ರಕಥಾ ಈರಮ್ಮನವರು (ನಿಧನ 2014) ಹಾಡುತ್ತಿದ್ದ ದೀರ್ಘಕಾವ್ಯಗಳಲ್ಲಿ ಕುಮಾರರಾಮನ ಕಥೆಯೂ ಒಂದು. ಅಂತಹ ಕಾವ್ಯವನ್ನು ಹದಿನೈದು ನಿಮಿಷಗಳಲ್ಲಿ ಹೇಳಹೊರಟರೆ ಕಥಾಸಾರಾಂಶ ಮಾತ್ರ ಉಳಿಯುತ್ತದೆ. ಒಂದು ಸನ್ನಿವೇಶವನ್ನು ಆರಿಸಿ, ಅದರ ಧ್ವನಿಮುದ್ರಿಕೆಯನ್ನು ಒಂದು ನಿಮಿಷ ಕೇಳಿಸಿ, ಹಾಡಿದವರು ಯಾರು, ಎಲ್ಲಿ, ಯಾವ ಸಂದರ್ಭದಲ್ಲಿ ಎಂಬುದನ್ನು ತಿಳಿಸಿ ವಿಶ್ಲೇಷಣೆಗೆ ತೊಡಗುವುದು ಲೇಸು. ಬುರ್ರಕಥೆಯಲ್ಲಿ ಮುಖ್ಯ ಗಾಯಕಿ ಒಬ್ಬಳೇ ಕಥೆಯನ್ನು ಸಾಗಿಸುವುದಿಲ್ಲ. ಹಿಮ್ಮೇಳದವರು ಹೂಂಗುಟ್ಟುತ್ತಾರೆ, ನಡುವೆ ಪ್ರಶ್ನಿಸುತ್ತಾರೆ, ಆ ಪ್ರಶ್ನೆಯಿಂದಲೇ ಕಥೆ ಮುಂದುವರಿಯುತ್ತದೆ. ಪ್ರಬಂಧವನ್ನು ತಲೆಯೆತ್ತದೆ ಓದುವವನಿಗೆ ಈ ಅವಕಾಶವೇ ಇಲ್ಲ. (ಸ್ಲೈಡುಗಳು ಹೆಚ್ಚಿದಷ್ಟೂ ಧೈರ್ಯ ಹೆಚ್ಚುತ್ತದೆಂಬುದು ಇಂದಿನ ಹೊಸ ನಂಬಿಕೆ, ಅದೂ ಅಧ್ಯಯನಯೋಗ್ಯವೇ.)

ಬಳ್ಳಾರಿ ಸೀಮೆಯ ವಿದ್ಯಾರ್ಥಿಗಳು ತಮ್ಮ ಆಡುನುಡಿಯ ಬಗ್ಗೆ ಅಳುಕುವುದುಂಟು. ವಕ್ತೃವಿನ ಮಾತನ್ನು ಗ್ರಾಂಥಿಕಕ್ಕೆ ತಿದ್ದಿ ಓದುವುದು ಈ ಅಳುಕಿನ ಕೆಟ್ಟ ಪರಿಣಾಮ. ಬುಡ್ಗ ಜಂಗಮರ ಮನೆಮಾತು ತೆಲುಗು. ಅವರ ಕನ್ನಡ ಹಾಡಿಕೆಯಲ್ಲಿ ಅದರ ಛಾಯೆ ಇದ್ದರೆ ಅದು ಪಠ್ಯದ ದೋಷವಲ್ಲ, ಪುರಾವೆ. 1991ರಲ್ಲಿ ಸ್ಥಾಪನೆಗೊಂಡ ಹಂಪಿ ಕನ್ನಡ ವಿಶ್ವವಿದ್ಯಾಲಯದಂತಹ ಕಡೆ ನಡೆಯುವ ಗೋಷ್ಠಿಯಲ್ಲಿ, ಹಾಡಿದವರ ಊರಿನವರೋ ಮೊಮ್ಮಕ್ಕಳೋ ಸಭಿಕರಾಗಿ ಕುಳಿತಿರಬಹುದು. ತಮ್ಮವರ ಮಾತು ತಿದ್ದಲ್ಪಟ್ಟುದನ್ನು ಮೊದಲು ಗುರುತಿಸುವವರು ಅವರೇ.